ಲಿಯಾಂದ್ರೊ ಸತ್ತ ಗುರುವಾರ

ಲಾ ಗೊಲೊಂದ್ರಿನ ಸಿಗಾರ್ ಕಾರ್ಖಾನೆಯಲ್ಲಿ ಯಾವ ಪುಸ್ತಕ ಓದಬೇಕೆಂದು ತೀರ್ಮಾನಿಸುವವರು ಓದುವವರಲ್ಲ, ಕೇಳುವವರು. ಅಜ್ಜ ಮುತ್ತಜ್ಜಂದಿರ ಕಾಲದಿಂದ ಬಂದ ಪದ್ಧತಿ ಇದು. ಹಜಾರದ ತುಂಬ ಸಾಲು ಮೇಜುಗಳು, ಅಲ್ಲಿ ಎಲೆ ಸುತ್ತುವವರು. ಎದುರಿಗೊಂದು ಎತ್ತರದ ಕಟ್ಟೆ, ಕಟ್ಟೆಯ ಮೇಲೆ ಕುರ್ಚಿ, ಕುರ್ಚಿಯ ಮುಂದೆ ಮೈಕು, ಕುರ್ಚಿಯಲ್ಲಿ ಓದುವವಳು, ಒಡಾಲಿಸ್. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಕ್ಯೂಬಾದಲ್ಲಿ ಬ್ರೆಡ್ಡಿಗೆ ಸಾಲು, ಮೊಟ್ಟೆಗೆ ಸಾಲು, ಬಸ್ಸಿಗೆ ಸಾಲು; ಕಥೆಯೊಂದೇ ಕೂತಲ್ಲಿಗೆ ಬರುವುದು. ಹಾಗಾಗಿ ಅದರ ವಿಷಯದಲ್ಲಿ ಜನ ಬಹಳ ಬಿಗಿ.

ಓದು ಹಿಡಿಸಿದರೆ ಎಲೆ ಕತ್ತರಿಸುವ ಬಾಗುಗತ್ತಿಯಿಂದ ಮೇಜು ಕುಟ್ಟುತ್ತಾರೆ. ಆ ಕತ್ತಿಗೆ ಚವೇತ ಎಂದು ಹೆಸರು. ಹಿಡಿಸದಿದ್ದರೆ ಚವೇತವನ್ನು ನೆಲಕ್ಕೆ ಬಿಸಾಡುತ್ತಾರೆ. ಅರ್ಧದಷ್ಟು ಚವೇತಗಳು ನೆಲ ಕಂಡವೋ, ಓದುವವಳು ಕಟ್ಟೆ ಇಳಿದು ಮನೆಗೆ ಹೋಗಬೇಕು. ಒಡಾಲಿಸಳ ಕಾಲದಲ್ಲಿ ಒಂದೇ ಒಂದು ಚವೇತ ನೆಲಕ್ಕೆ ಬಿದ್ದಿತ್ತು, ಅದೂ ಕೈಜಾರಿ. ಬೀಳಿಸಿದವನು ಎದ್ದು ನಿಂತು ಕ್ಷಮೆ ಕೇಳಿದ್ದ.

ಈ ಸಲ ಗೆದ್ದ ಪುಸ್ತಕದ ಹೆಸರು 'ನಿನ್ನ ಕೆನ್ನೆಯ ಮೇಲೊಂದು ಮೋಡ'. ಗುಲಾಬಿ ರಟ್ಟು, ರಟ್ಟಿನ ಮೇಲೆ ಮೋಡ, ಮೋಡಕ್ಕೂ ಕೆನ್ನೆ. ಹದಿಹರೆಯದ ಹೆಣ್ಣುಮಕ್ಕಳು ಹಾಸಿಗೆಯಲ್ಲಿ ಬೋರಲು ಬಿದ್ದು ಓದುವಂಥದ್ದು. ಅದು ಗೆದ್ದದ್ದಾದರೂ ಹೇಗೆ ಎಂದರೆ, ಹಿಂದಿನ ಪುಸ್ತಕ ಗಣಿ ಕಾರ್ಮಿಕರ ಕಥೆ. ಮಳೆಗಾಲ ಪೂರ್ತಿ ಅದರಲ್ಲಿ ಜನ ಸಾಯುತ್ತಲೇ ಇದ್ದರು. ಮತ ಹಾಕುವ ದಿನ ಬರ್ನಬೆ ಎದ್ದು ನಿಂತ. ಎಲೆ ಸುತ್ತುವುದರಲ್ಲಿ ಹಜಾರದಲ್ಲೇ ಅವನದು ದೊಡ್ಡ ಕೈ, ಅದಕ್ಕಿಂತ ದೊಡ್ಡದು ಅವನ ಬಾಯಿ.

"ಇನ್ನೊಬ್ಬ ಸತ್ತ ಅಂದ್ರೆ ನನ್ನ ಕೈಯಲ್ಲಿ ಎಲೆ ಹರಿಯುತ್ತೆ, ಹೇಳಿರ್ತೀನಿ. ಯಾರೂ ಸಾಯದೇ ಇರೋ ಪುಸ್ತಕ ಒಂದೂ ಇಲ್ವೇನ್ರಪ್ಪಾ ಈ ದೇಶದಲ್ಲಿ?"

ಆಗ ಹಿಂದಿನಿಂದ ಒಂದು ಕೈ ಮೇಲೆದ್ದಿತು. ಎಲೆಯ ನಡುನರ ಬಿಡಿಸುವ ಹೆಂಗಸರ ಸಾಲಿನಿಂದ ಕ್ಲೊತಿಲ್ದೆ ಅಜ್ಜಿಯ ಕೈ. ಮಡಿಲ ಮೇಲೆ ಹಲಗೆ ಇಟ್ಟುಕೊಂಡು ಆಯುಷ್ಯವೆಲ್ಲ ಎಲೆ ಬಿಡಿಸಿದ ಮುದುಕಿ, ಒಂದು ದಿನವೂ ಒಂದು ಪುಸ್ತಕದ ಹೆಸರು ಹೇಳಿದವಳಲ್ಲ. "ನನ್ನ ಹತ್ರ ಒಂದಿದೆ. ಅದರಲ್ಲಿ ಯಾರೂ ಸಾಯಲ್ವಂತೆ" ಎಂದಳು. ಅಷ್ಟು ಸಾಕಾಯಿತು.

ಒಡಾಲಿಸ್ ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು ಖಾನೆಗೆ ಹಾಕಿ ಬೀಗ ಜಡಿದಳು. ಮುಂದೇನಾಗುತ್ತದೆಂದು ಯಾರೂ ಇಣುಕಬಾರದು, ಅದಕ್ಕೆ ಬೀಗ. ಈ ಪುಸ್ತಕಕ್ಕೆ ಬೀಗ ದಂಡ ಎಂದು ಅವಳಿಗೆ ಮೊದಲ ಪುಟದಲ್ಲೇ ಗೊತ್ತಾಯಿತು.

ಕಥೆ ಇಷ್ಟೆ. ಲಿಯಾಂದ್ರೊ ಎಂಬ ಹುಡುಗ, ಸೆಲೆಸ್ತೆ ಎಂಬ ಹುಡುಗಿ. ಅವನ ಕಣ್ಣಲ್ಲಿ ಸಮುದ್ರ. ಅವಳ ಕಣ್ಣಲ್ಲೂ ಸಮುದ್ರ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದಾಗ ಎಷ್ಟು ನೀರಾಗುತ್ತದೆ ಎಂಬುದನ್ನು ಬರೆದವಳು ಯೋಚಿಸಿದಂತಿಲ್ಲ. ಐಸ್‌ಕ್ರೀಮ್ ಅಂಗಡಿಯಲ್ಲಿ ಬೆರಳಿಗೆ ಬೆರಳು ತಗಲುವುದಕ್ಕೆ ಒಂದು ಅಧ್ಯಾಯ, ತಗಲಿದ್ದನ್ನು ನೆನೆಯುವುದಕ್ಕೆ ಇನ್ನೊಂದು. ಎಲ್ಲದಕ್ಕೂ ವೆನಿಲ್ಲಾ ವಾಸನೆ: ಅವನ ಅಂಗಿಗೆ, ಅವಳ ಕೂದಲಿಗೆ, ಕೊನೆಗೆ ಮಳೆಗೂ. ಆ ಊರಿನಲ್ಲಿ ಒಮ್ಮೆಯೂ ಕರೆಂಟು ಹೋಗುವುದಿಲ್ಲ. ಹೆಬ್ಬೆರಳುದ್ದದ ಲೋಟದ ಕಾಫಿಗೆ ಮೂರು ಚಮಚ ಸಕ್ಕರೆ ಸುರಿದು ಕುಡಿಯುವ ಜನ ನಾವು, ಕಬ್ಬಿನ ಗದ್ದೆಯ ಪಕ್ಕದಲ್ಲೇ ಹುಟ್ಟಿದವರು. ನಮಗೇ ಹಲ್ಲು ಜುಮ್ಮೆಂದವು ಎಂದರೆ ಲೆಕ್ಕ ಹಾಕಿ.

ಎಲ್ಲಕ್ಕಿಂತ ಕಾಟ ಕೊಟ್ಟದ್ದು ಲಿಯಾಂದ್ರೊನ ಒಂದು ಚಾಳಿ. ಸೆಲೆಸ್ತೆ ಏನು ಹೇಳಿದರೂ ಅವನು ಗಲ್ಲಕ್ಕೆ ಕೈಕೊಟ್ಟು "ಆಮೇಲೆ?" ಎನ್ನುತ್ತಿದ್ದ. ಇವತ್ತು ಬಸ್ಸು ತಪ್ಪಿತು ಎಂದರೆ, "ಆಮೇಲೆ?" ಚಪ್ಪಲಿ ಕಿತ್ತುಹೋಯಿತು ಎಂದರೆ, "ಆಮೇಲೆ?" ಪುಟಕ್ಕೆ ಒಂದಾದರೂ ಇರಲೇಬೇಕು.

"ಈ ಹುಡುಗನಿಗೆ ಕೆಲಸ ಬೊಗಸೆ ಏನೂ ಇಲ್ವಾ ಅಕ್ಕಾ?" ಎಂದು ಬರ್ನಬೆ ಮೇಜಿನಿಂದಲೇ ಕೂಗಿದ.

"ಪುಸ್ತಕದಲ್ಲಿ ಬರೆದಿಲ್ಲಪ್ಪ."

"ರೇಷನ್ ಯಾರು ತರ್ತಾರೆ ಅವನ ಮನೇಗೆ?"

"ಅದೂ ಬರೆದಿಲ್ಲ."

ಹಜಾರ ಸಹಿಸಿಕೊಂಡಿತು. ಚವೇತಗಳು ಕುಟ್ಟಲೂ ಇಲ್ಲ, ಬೀಳಲೂ ಇಲ್ಲ. ಹಿಂದಿನ ಸಾಲಿನಲ್ಲಿ ಕ್ಲೊತಿಲ್ದೆ ಅಜ್ಜಿ ಮಾತ್ರ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಕೆಲವು ಮಾತುಗಳನ್ನು ತುಟಿಯಲ್ಲೇ ಮತ್ತೆ ಹೇಳಿಕೊಳ್ಳುತ್ತಿದ್ದಳು, ಅಂಗಡಿಗೆ ಹೊರಟ ಮಗು ಸಾಮಾನಿನ ಹೆಸರು ಉರುಹಾಕುವ ಹಾಗೆ. ಒಡಾಲಿಸ್ ಅದನ್ನು ನೋಡಿದ್ದಳು. ಮುದುಕಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದುಕೊಂಡಳು, ಅಷ್ಟೆ.

ಒಡಾಲಿಸ್ ಮೊದಲು ಕದ್ದದ್ದು ಒಂದು "ಆಮೇಲೆ?"ಯನ್ನು. ಓದದೆ ದಾಟಿಬಿಟ್ಟಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಮರುದಿನ ಬಂದಷ್ಟನ್ನೂ ಬಿಟ್ಟಳು, ಜೊತೆಗೆ ಎರಡು ಸಮುದ್ರಗಳನ್ನೂ ಬಿಟ್ಟಳು. ಬಿಟ್ಟಮೇಲೆ ಜಾಗ ಖಾಲಿ ಉಳಿಯಿತಲ್ಲ, ಅಲ್ಲಿಗೆ ಲಿಯಾಂದ್ರೊನಿಗೊಂದು ನೆಗಡಿ ಕೊಟ್ಟಳು. ಅವನು ಮುತ್ತಿಡಲು ಬಾಗಿದ, ಸೀನಿದ. ಹಜಾರ ಗೊಳ್ಳೆಂದಿತು. ಟಕ್ ಟಕ್ ಎಂದು ಚವೇತಗಳು ಮೇಜು ಕುಟ್ಟಿದವು.

ಕಟ್ಟೆಯ ಮೇಲೆ ಕೂತವಳಿಗೆ ಆ ಸದ್ದು ಬೆನ್ನುಹುರಿಯಲ್ಲಿ ಹತ್ತಿತು. ಬೇರೆಯವರು ಬರೆದದ್ದಕ್ಕೆ ಚವೇತ ಕುಟ್ಟುವುದು ಒಂದು, ತಾನು ಬರೆದದ್ದಕ್ಕೆ ಕುಟ್ಟುವುದು ಇನ್ನೊಂದು. ಪ್ರಾಯದಲ್ಲಿ ಅವಳೂ ಕಥೆ ಬರೆದು ಸ್ಪರ್ಧೆಗಳಿಗೆ ಕಳಿಸಿದ್ದಳು. ಆಗುವುದಿಲ್ಲ ಎಂಬ ಉತ್ತರ ಕೂಡ ಬಂದಿರಲಿಲ್ಲ. ಅದರ ಉರಿ ಇನ್ನೂ ಆರಿರಲಿಲ್ಲ, ಸುಳ್ಳು ಏಕೆ ಹೇಳಬೇಕು.

ಮುಂದೆ ಸೆಲೆಸ್ತೆಗೊಬ್ಬಳು ಚಿಕ್ಕಮ್ಮ ಹುಟ್ಟಿದಳು. ನಾಲಿಗೆ ಹರಿತ, ಕೈಯಲ್ಲಿ ಸೌಟು. "ಸಮುದ್ರ ಇದ್ರೆ ಮೀನು ಹಿಡ್ಕೊಂಡ್ ಬಾ ಹೋಗೋ" ಎಂದು ಲಿಯಾಂದ್ರೊನನ್ನು ಬಾಗಿಲಿಂದ ಅಟ್ಟಿದಳು. ಹಜಾರಕ್ಕೆ ಚಿಕ್ಕಮ್ಮನ ಹುಚ್ಚು ಹಿಡಿಯಿತು. ಊಟದ ಹೊತ್ತಿಗೆ ಜನ ಅವಳ ಮಾತನ್ನೇ ಆಡಿಕೊಂಡು ನಗುತ್ತಿದ್ದರು. ಓದುವವಳು ಅಚ್ಚಾದದ್ದನ್ನು ಬಿಟ್ಟು ಒಂದಕ್ಷರ ಸೇರಿಸಬಾರದು ಎಂಬುದು ಆ ಕಟ್ಟೆಯ ಮೊದಲ ಕಟ್ಟಳೆ. ಒಡಾಲಿಸ್‌ಗೆ ಅದು ಗೊತ್ತಿತ್ತು. ಹಾಲಿನ ರುಚಿ ಹತ್ತಿದ ಬೆಕ್ಕಿಗೂ ಕದಿಯಬಾರದೆಂದು ಗೊತ್ತಿರುತ್ತದೆ.

ಗುರುವಾರ ಬಂತು. ಪುಸ್ತಕದಲ್ಲಿ ಲಿಯಾಂದ್ರೊ ಐಸ್‌ಕ್ರೀಮ್ ಹಿಡಿದುಕೊಂಡು ಸೈಕಲ್ಲಿನಲ್ಲಿ ಹೊರಟಿದ್ದ. ಮುಂದಿನ ಎರಡು ಪುಟ ಮುತ್ತು ಎಂದು ಒಡಾಲಿಸ್‌ಗೆ ಕಂಡಿತು. ಬೆಳಗಿನಿಂದ ಬಸ್ಸಿಗೆ ಕಾದು ಕಾಲು ನೊಂದಿತ್ತು, ಕಾಫಿ ಸಿಕ್ಕಿರಲಿಲ್ಲ. ಅವಳು ಪುಟದಿಂದ ಕಣ್ಣೆತ್ತದೆ, ದನಿ ಏರಿಸದೆ, ತಿರುವಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದನ್ನು ತಂದಳು.

"ಐಸ್‌ಕ್ರೀಮ್ ಧೂಳಿನಲ್ಲಿ ಕರಗಿತು" ಎಂದು ಮುಗಿಸಿ ಪುಸ್ತಕ ಮುಚ್ಚಿದಳು.

ಹಜಾರದ ಚವೇತಗಳೆಲ್ಲ ಒಟ್ಟಿಗೆ ಕುಟ್ಟತೊಡಗಿದವು, ಕಿಟಕಿಯ ಗಾಜು ಅದುರಿತು. ಬರ್ನಬೆ ಎಲೆ ಒರೆಸುವ ಬಟ್ಟೆಯಲ್ಲಿ ಮೂಗು ಒರೆಸಿಕೊಂಡ. ಯಾರೂ ಸಾಯದ ಪುಸ್ತಕ ಬೇಕೆಂದವನೇ ಅವನು. "ಒಳ್ಳೆ ಹುಡುಗ ಕಣ್ರೋ. ಕೆಲಸ ಇರಲಿಲ್ಲ, ಆದ್ರೆ ಒಳ್ಳೆ ಹುಡುಗ" ಎಂದ. ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಂತರು. ಸದ್ದಡಗಿದ್ದು ಕಂಡು ಮೇಲ್ವಿಚಾರಕ ಓಡಿಬಂದ.

"ಯಾರು ತೀರಿಕೊಂಡ್ರು?"

"ಲಿಯಾಂದ್ರೊ" ಎಂದರು.

"ಅಯ್ಯೋ ಪಾಪ. ಯಾವ ವಿಭಾಗದಲ್ಲಿದ್ದ?"

ಯಾರೂ ನಗಲಿಲ್ಲ. ಅವನೂ ಟೊಪ್ಪಿ ತೆಗೆದು ನಿಂತ.

ಶುಕ್ರವಾರ ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ಕ್ಲೊತಿಲ್ದೆ ಅಜ್ಜಿ ಕಟ್ಟೆಯ ಬಳಿ ಬಂದು ನಿಂತಳು. ಅವಳ ಕಣ್ಣು ಊದಿಕೊಂಡಿದ್ದವು.

"ಮಗಳೇ, ಒಂದ್ ಮಾತು ಕೇಳ್ತೀನಿ, ನಿಜ ಹೇಳು. ಆ ಹುಡುಗ ಸತ್ತನೋ, ಬದುಕಿದಾನೋ?"

"ಯಾಕಜ್ಜಿ, ಏನಾಯ್ತು?"

"ಪುಸ್ತಕ ನನ್ನ ಮೊಮ್ಮಗಳದು ಕಣೇ, ಮಾಯ್ದೆಲಿನ್‌ದು. ಅವಳಮ್ಮ ಹೊಸ ಗಂಡನ ಜೊತೆ ಓಲ್ಗಿನ್‌ಗೆ ಹೋದಾಗಿಂದ ನನ್ನ ಹತ್ರ ಇದಾಳೆ. ಬಂದವಳು ಬಾಯೇ ಬಿಡಲಿಲ್ಲ. ಅನ್ನ ಹಾಕಿದ್ರೆ ತಿಂತಿದ್ಲು, ತಟ್ಟೆ ತೊಳೀತಿದ್ಲು, ಆ ಪುಸ್ತಕ ಹಿಡ್ಕೊಂಡು ಗೋಡೆ ಕಡೆ ತಿರುಗ್ತಿದ್ಲು. ನಾಲ್ಕು ಸಲ ಓದಿದಾಳೆ. ಏನಿದೆ ಅದರಲ್ಲಿ ಅಂದ್ರೆ, ಯಾರೂ ಸಾಯಲ್ಲ ಅಂದ್ಲು, ಅಷ್ಟೇ. ನನಗೋ ಕಣ್ಣಲ್ಲಿ ಪೊರೆ, ಅಕ್ಷರ ಕಾಣಲ್ಲ. ಅದರಲ್ಲಿ ಅಂಥದ್ದೇನಿದೆ ಅಂತ ತಿಳ್ಕೊಂಡ್ರೆ ಮಾತಾಡೋಕೆ ಒಂದು ದಾರಿ ಆಗುತ್ತಲ್ಲಾ ಅಂತ ಇಲ್ಲಿ ಕೈ ಎತ್ತಿದ್ದು ನಾನು, ಅವಳನ್ನ ಕೇಳಿ ಪುಸ್ತಕ ತಂದುಕೊಟ್ಟಿದ್ದು."

ಒಡಾಲಿಸ್ ಮೈಕಿನ ವೈರು ಸರಿಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

"ಮೊದಮೊದಲು ಎಷ್ಟು ಚೆನ್ನಾಗಿತ್ತು ಗೊತ್ತಾ?" ಎಂದಳು ಅಜ್ಜಿ. "ನಾನು ಹೋಗಿ, ಇವತ್ತು ಬೆರಳು ತಗಲಿತು ಕಣೇ ಅನ್ನೋದು, ಅವಳು ಹೌದಾ ಅಂತ ಇತ್ತ ತಿರುಗೋದು. ಅವತ್ತು ಅವಳೇ ಕಾಫಿ ಮಾಡ್ಕೊಟ್ಲು. ಆಮೇಲೆ ಒಂದಿನ ನೆಗಡಿ ಅಂದೆ, ಹುಬ್ಬು ಗಂಟು ಹಾಕಿದ್ಲು. ಚಿಕ್ಕಮ್ಮ ಅಂದೆ, ಯಾವ ಚಿಕ್ಕಮ್ಮ ಅಂದ್ಲು. ನಿನ್ನೆ ಹೋಗಿ ಅಳ್ತಾ ಹೇಳ್ದೆ, ಸತ್ತೋದ ಕಣೇ ನಿನ್ನ ಹುಡುಗ ಅಂತ. ಅವಳ ಮುಖ ನೋಡ್ಬೇಕಿತ್ತು ನೀನು. 'ನೀನೂ ನನ್ನ ಆಡ್ಕೋತಿದೀಯಾ ಅಜ್ಜಿ, ಅಮ್ಮನೂ ಹೀಗೇ ಆಡ್ಕೋತಿದ್ಲು' ಅಂದ್ಲು. ಬಾಗಿಲು ಹಾಕ್ಕೊಂಡ್ಲು. ಬೆಳಿಗ್ಗೆ ಹಾಲು ಕೂಡ ಮುಟ್ಟಲಿಲ್ಲ. ನಾನು ಆಡ್ಕೊಳ್ಳಲಿಲ್ಲ ಕಣೇ. ನೀನು ಓದಿದ್ದನ್ನೇ ಹೇಳ್ದೆ."

ಒಡಾಲಿಸಳ ಮೈ ಬಿಸಿಯಾಯಿತು. ನಾಚಿಕೆ ಎಂದರೆ ಅದೇ, ಬೇರೆ ಹೆಸರಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ಅವಳಿಗೆ ಯಾವುದೋ ಕಾಲದ ಸ್ಪರ್ಧೆಯ ಉರಿ; ಬರೆ ಬಿದ್ದದ್ದು ಕಾಣದ ಊರಿನ ಕಾಣದ ಬರಹಗಾರ್ತಿಗಲ್ಲ, ಈ ಮುದುಕಿಗೆ.

"ಮಧ್ಯಾಹ್ನ ಹೇಳ್ತೀನಜ್ಜಿ" ಎಂದಳು. ಗಂಟೆ ಹೊಡೆಯಿತು.

"ನಮ್ಮನೆ ಹುಡುಗಿ ವಿಷಯ ಇಲ್ಲಿ ಯಾರಿಗೂ ಹೇಳ್ಬೇಡ ಮತ್ತೆ" ಎಂದು ಅಜ್ಜಿ ತನ್ನ ಸಾಲಿಗೆ ಹೋದಳು. "ಊರ ಬಾಯಿಗೆ ಬೀಳೋದು ಬೇಡ ಅದು."

ಊಟದ ಹೊತ್ತಿನಲ್ಲಿ ಒಡಾಲಿಸ್ ಓದುವ ಸಮಿತಿಯ ಅಧ್ಯಕ್ಷ ಫಿಲಿಬೆರ್ತೊನ ಮುಂದೆ ಹೋಗಿ ಕೂತಳು. ಅವನು ಕರಿಹುರುಳಿ ಅನ್ನ ತಿನ್ನುತ್ತಿದ್ದ. ನೆಗಡಿಯಿಂದ ಟ್ರ್ಯಾಕ್ಟರ್‌ವರೆಗೆ ಎಲ್ಲ ಒಪ್ಪಿಕೊಂಡಳು. ಅವನು ಚಮಚ ಕೆಳಗಿಟ್ಟ.

"ಟ್ರ್ಯಾಕ್ಟರ್ ನಿನ್ನದಾ?"

"ನನ್ನದೇ."

"ನಾನು ರಾತ್ರಿ ಊಟ ಮಾಡಲಿಲ್ಲ ಗೊತ್ತಾ ನಿನಗೆ?" ಎಂದು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. "ನಾನು ಏನೂ ಹೇಳೋ ಹಾಗಿಲ್ಲ. ಹಜಾರಕ್ಕೆ ಹೇಳು. ಅವರು ಏನಂತಾರೋ ಅದು."

ಅವಳು ಕಟ್ಟೆ ಹತ್ತಿ ಮೈಕಿನಲ್ಲಿ ಹೇಳಿದಳು. ಪುಸ್ತಕದಲ್ಲಿ ನೆಗಡಿ ಇಲ್ಲ, ಚಿಕ್ಕಮ್ಮ ಇಲ್ಲ, ಲಿಯಾಂದ್ರೊ ಸತ್ತಿಲ್ಲ, ತಪ್ಪಾಯಿತು. ಬರ್ನಬೆ ನಿಧಾನವಾಗಿ ಎದ್ದ.

"ಅಂದ್ರೆ ಆ ಚಿಕ್ಕಮ್ಮನ್ನ ಮಾಡಿದ್ದು ನೀನಾ ಅಕ್ಕಾ?"

"ಹೌದು."

"ಮೀನು ಹಿಡ್ಕೊಂಡ್ ಬಾ ಅಂದಿದ್ದು?"

"ನಾನೇ."

"ಅಬ್ಬಬ್ಬಾ!" ಎಂದ ಬರ್ನಬೆ ಹಜಾರದತ್ತ ತಿರುಗಿ. "ಇಷ್ಟು ವರ್ಷ ಇವಳನ್ನ ಕೂರಿಸಿ ಬೇರೆಯವರ ಪುಸ್ತಕ ಓದಿಸ್ತಿದ್ವಲ್ರೋ, ನಮಗೆ ಬುದ್ಧಿ ಇದೆಯಾ? ಆ ಗುಲಾಬಿ ಪುಸ್ತಕ ಆಚೆಗೆ ಬಿಸಾಕು ಅಕ್ಕಾ. ನಿನ್ನದೇ ಮುಂದುವರಿಸು. ಸೆಲೆಸ್ತೆ ಈಗ ಏನ್ಮಾಡ್ತಾಳೆ? ಚಿಕ್ಕಮ್ಮ ಟ್ರ್ಯಾಕ್ಟರ್‌ನವನ್ನ ಬಿಡ್ತಾಳಾ?"

ಚವೇತಗಳು ಕುಟ್ಟಿದವು. ಗುರುವಾರಕ್ಕಿಂತ ಜೋರು. ಫಿಲಿಬೆರ್ತೊ ಮತಕ್ಕೆ ಹಾಕಿದ, ಕೈಗಳು ಕಾಡಿನ ಹಾಗೆ ಎದ್ದವು. ಒಡಾಲಿಸ್ ಆ ಕೈಗಳನ್ನು ನೋಡಿದಳು. ಹರೆಯದಲ್ಲಿ ಅಂಚೆಯವನ ದಾರಿ ಕಾದಾಗ ಅವಳು ಬೇಡಿಕೊಂಡದ್ದು ಇದನ್ನೇ. ಈಗ ಬಂದಿತ್ತು. ಟ್ರ್ಯಾಕ್ಟರ್‌ನವನಿಗೆ ಏನಾಗುತ್ತದೆ ಎಂಬುದೂ ಅವಳಿಗೆ ಹೊಳೆದಿತ್ತು, ಅದು ಬಹಳ ಚೆನ್ನಾಗಿಯೂ ಇತ್ತು.

ಹಿಂದಿನ ಸಾಲಿನಲ್ಲಿ ಕ್ಲೊತಿಲ್ದೆ ಅಜ್ಜಿ ಕೈ ಎತ್ತಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ತಲೆ ತಗ್ಗಿಸಿ ಎಲೆಯ ನರ ಬಿಡಿಸುತ್ತಿದ್ದಳು.

"ಆಗಲ್ಲ" ಎಂದಳು ಒಡಾಲಿಸ್. "ಇದನ್ನೇ ಓದಿ ಮುಗಿಸ್ತೀನಿ."

"ಮತ ಆಗಿದೆ ಕಣಕ್ಕಾ!"

"ಆಗ್ಲಿ."

"ಯಾಕೆ ಅಂತ ಹೇಳು ಮತ್ತೆ!"

ಹೇಳುವ ಹಾಗಿರಲಿಲ್ಲ. ಕಾರಣ ಅವಳದಾಗಿರಲಿಲ್ಲ, ಅಜ್ಜಿಯದು. ಅವಳು ಖಾನೆಯ ಬೀಗ ತೆಗೆದು ಗುಲಾಬಿ ಪುಸ್ತಕ ಬಿಡಿಸಿದಳು. "ಲಿಯಾಂದ್ರೊ ತಿರುವಿನಲ್ಲಿ ಸೈಕಲ್ಲಿನ ಗಂಟೆ ಬಾರಿಸಿದ. ದಾರಿ ಖಾಲಿಯಿತ್ತು" ಎಂದು ಓದಿದಳು.

ಮೊದಲ ಚವೇತ ನೆಲಕ್ಕೆ ಬಿತ್ತು. ಬರ್ನಬೆಯದು. ಕೈಜಾರಿ ಬಿದ್ದದ್ದಲ್ಲ. ಹಿಂದೆಯೇ ಇನ್ನೊಂದು, ಮತ್ತೊಂದು, ಎಡಸಾಲಿನಲ್ಲಿ ಒಂದಿಷ್ಟು. ಸಿಮೆಂಟಿನ ಮೇಲೆ ಕಬ್ಬಿಣ ಬೀಳುವ ಸದ್ದು ಎದೆಗೇ ಬಿದ್ದಂತಾಗುತ್ತಿತ್ತು. ಫಿಲಿಬೆರ್ತೊ ಎದ್ದು ನಿಂತು ನೆಲದ ಮೇಲಿನವನ್ನು ಎಣಿಸತೊಡಗಿದ. ಅವಳು ನಿಲ್ಲಿಸಲಿಲ್ಲ. ವ್ಯಂಗ್ಯವಿಲ್ಲದೆ ಓದಿದಳು, ಗಣಿಯಲ್ಲಿ ಸತ್ತವರನ್ನು ಯಾವ ದನಿಯಲ್ಲಿ ಓದಿದ್ದಳೋ ಅದೇ ದನಿಯಲ್ಲಿ. ವೆನಿಲ್ಲಾವನ್ನು ಓದಿದಳು, ಸಮುದ್ರವನ್ನು ಓದಿದಳು, ಎರಡು ಪುಟದ ಮುತ್ತನ್ನು ಅಲ್ಪವಿರಾಮ ಬಿಡದೆ ಓದಿದಳು. ಮುತ್ತಾದಮೇಲೆ ಸೆಲೆಸ್ತೆ, ಇವತ್ತು ನಮ್ಮಮ್ಮ ನನ್ನ ಜೊತೆ ಮಾತಾಡಲಿಲ್ಲ ಎಂದಳು.

"'ಆಮೇಲೆ?' ಎಂದ ಲಿಯಾಂದ್ರೊ" ಎಂದು ಒಡಾಲಿಸ್ ಓದಿದಳು. ಪುಸ್ತಕ ಕೆಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗಿ ಗೋಡೆಯ ಕಡೆ ತಿರುಗಿಕೊಂಡು ನಾಲ್ಕು ಸಲ ಏನನ್ನು ಓದಿದಳು ಎಂಬುದು ಈಗ ಗೊತ್ತಾಯಿತು. ತಾನು ಮೊದಲು ಕದ್ದದ್ದೂ ಅದನ್ನೇ.

ಫಿಲಿಬೆರ್ತೊ ಎಣಿಸಿ ಮುಗಿಸಿದ. ಅರ್ಧಕ್ಕೆ ಸ್ವಲ್ಪ ಕಡಿಮೆ. ತನ್ನ ಚವೇತವನ್ನು ಕೈಯಲ್ಲಿ ಹಿಡಿದು ಒಮ್ಮೆ ತೂಗಿ ನೋಡಿದ, ಆಮೇಲೆ ಮೇಜಿನ ಮೇಲೆ ಸದ್ದಾಗದಂತೆ ಇಟ್ಟ. "ಕುರ್ಚಿ ನಿನಗೇ ಇರುತ್ತೆ" ಎಂದ. "ಆದ್ರೆ ಈ ಪುಸ್ತಕ ಮುಗಿಯೋವರೆಗೂ ನಿನಗೆ ಯಾರೂ ಕುಟ್ಟಲ್ಲ ಒಡಾಲಿಸ್."

ಮರುದಿನ ಶನಿವಾರ, ಅರ್ಧ ದಿನದ ಕೆಲಸ. ಒಡಾಲಿಸ್ ಬಂದಾಗ ಬರ್ನಬೆ ಮುಖ ತಿರುಗಿಸಿಕೊಂಡ. ಕ್ಲೊತಿಲ್ದೆ ಅಜ್ಜಿ ಆಗಲೇ ಕಟ್ಟೆಯ ಬಳಿ ನಿಂತಿದ್ದಳು. ಕೈಯಲ್ಲಿ ಕಾಗದ ಸುತ್ತಿದ ಒಂದು ತುಂಡು ಸೀಬೆಹಣ್ಣಿನ ಮುರಬ್ಬ.

"ನಿನ್ನೆ ಹೋಗಿ ಹೇಳ್ದೆ" ಎಂದಳು, ಉಸಿರು ತಗೊಳ್ಳುತ್ತ. "ಬಾಗಿಲ ಆಚೆಯಿಂದಾನೇ ಹೇಳ್ದೆ. ಬದುಕಿದಾನಂತೆ ಕಣೇ, ಓದೋವಳು ತಪ್ಪು ಮಾಡಿದ್ಲಂತೆ, ಎಲ್ಲರ ಮುಂದೆ ಒಪ್ಕೊಂಡ್ಲು, ನಾನು ನಿನ್ನ ಆಡ್ಕೊಳ್ಳಲಿಲ್ಲ ಅಂತ. ಸದ್ದೇ ಇಲ್ಲ. ಸರಿ ಅಂತ ಅಡುಗೆಮನೆಗೆ ಹೋಗಿ ನನ್ನ ಪಾಡಿಗೆ ನಾನು ಹೇಳ್ಕೊಂಡೆ. ಹುಡುಗ ಗಂಟೆ ಬಾರಿಸಿದ, ಅವಳು ಹೊರಗೆ ಬಂದ್ಲು, ಐಸ್‌ಕ್ರೀಮ್ ಕರಗ್ತಿತ್ತು ಅಂತ. ಅಷ್ಟೊತ್ತಿಗೆ ಹುರುಳಿ ತಳ ಹಿಡೀತು, ನಾನು ನಿಲ್ಲಿಸ್ದೆ."

"ನಿಲ್ಲಿಸಿ?"

"ತಿರುಗಿ ನೋಡ್ತೀನಿ, ಬಾಗಿಲಲ್ಲಿ ನಿಂತಿದಾಳೆ. ಗಲ್ಲಕ್ಕೆ ಹೀಗೆ ಕೈಕೊಟ್ಕೊಂಡು, 'ಆಮೇಲೆ?' ಅಂದ್ಲು." ಅಜ್ಜಿ ಗಲ್ಲದ ಮೇಲಿನ ಕೈ ತೆಗೆಯಲಿಲ್ಲ. "ನಾಲ್ಕು ಸಲ ಓದಿರೋಳು ಕಣೇ. ನನ್ನ ಕೇಳಿದ್ಲು, ಆಮೇಲೆ ಅಂತ."

ಒಡಾಲಿಸ್ ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು. ಮುರಬ್ಬದ ತುಂಡನ್ನು ಖಾನೆಯಲ್ಲಿಟ್ಟು ಕಟ್ಟೆ ಹತ್ತಿದಳು.

ಪತ್ರಿಕೆ ಮುಗಿದಮೇಲೆ ಮೈಕಿನಲ್ಲಿ ಹೇಳಿದಳು: "ಹಿಂದಿನ ಅಧ್ಯಾಯಗಳಲ್ಲಿ ನಾನು ಒಂದಿಷ್ಟು 'ಆಮೇಲೆ' ಬಿಟ್ಟಿದ್ದೆ. ಅವನ್ನ ಮೊದಲು ಓದ್ತೀನಿ, ಆಮೇಲೆ ಮುಂದಕ್ಕೆ ಹೋಗೋಣ."

"ಎಲ್ಲಾನೂನಾ?" ಎಂದ ಬರ್ನಬೆ.

"ಎಲ್ಲಾನೂ."

"ದೇವರೇ, ನನ್ನನ್ನ ಆ ಟ್ರ್ಯಾಕ್ಟರ್ ಕೆಳಗೆ ಹಾಕು" ಎಂದು ಅವನು ಎಲೆ ಕೈಗೆ ತೆಗೆದುಕೊಂಡ.

ಅವಳು ಒಂದೊಂದಾಗಿ ಓದಿದಳು. ಮಾತು ಕೊಟ್ಟಂತೆ ಯಾರೂ ಕುಟ್ಟಲಿಲ್ಲ. ಒಂದೊಂದು "ಆಮೇಲೆ?"ಗೂ ಹಿಂದಿನ ಸಾಲಿನಿಂದ ಒಂದು ಸದ್ದು ಮಾತ್ರ ಬರುತ್ತಿತ್ತು. ಎಲೆ ಬಿಡಿಸುವವರ ಹತ್ತಿರ ಚವೇತ ಇರುವುದಿಲ್ಲ. ಕ್ಲೊತಿಲ್ದೆ ಅಜ್ಜಿ ಮಡಿಲ ಹಲಗೆಯನ್ನು ಅಂಗೈಯಲ್ಲಿ ತಟ್ಟುತ್ತಿದ್ದಳು.